ಕಹಿ ಬಿಯರು, ಮಾವಿನ ಸೊನೆ

ಬಾಟಲಿಯ ಮೇಲೆ 'ಸ್ಟ್ರಾಂಗ್' ಎಂದು ಬರೆದಿದ್ದರೆ ಕೋಲಾರದ ಕಡೆ ಅದಕ್ಕೆ ಇರುವುದು ಒಂದೇ ಅರ್ಥ: ಬೇಗ ಏರುತ್ತೆ. ರುಚಿಯ ಮಾತು ಅಲ್ಲಿ ಬರುವುದೇ ಇಲ್ಲ. ಹೆದ್ದಾರಿ ಪಕ್ಕದ ವೈನ್ ಸ್ಟೋರ್‌ಗಳಲ್ಲಿ ಓಡುವ ಸ್ಟ್ರಾಂಗ್ ಲಾಗರ್ ಬಿಯರ್‌ಗಳಲ್ಲಿ ರುಚಿಗೆ ಹೆಚ್ಚು ಜಾಗವೂ ಇಲ್ಲ ಬಿಡಿ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅಂದರೆ ಮಾಲ್ಟ್ ಜೊತೆಗೆ ಅಕ್ಕಿಯೋ ಸಕ್ಕರೆಯೋ ಹಾಕಿ ಆಲ್ಕೋಹಾಲ್ ಏರಿಸಿರುತ್ತಾರೆ. ಕಹಿ, ಪರಿಮಳ ಕೊಡುವ ಹಾಪ್ಸ್ ಹೂ ಹೆಸರಿಗಷ್ಟೇ. ಚೆನ್ನಾಗಿ ಕೂಲ್ ಮಾಡಿ ಗಟಗಟ ಇಳಿಸಿದರೆ ಆಯಿತು.

ಇಂಥ ಬಿಯರ್ ಕುಡಿದು ಅಭ್ಯಾಸವಾದವರ ಕೈಗೆ ಈಗ ಬೆಂಗಳೂರಿನಿಂದ ಬೇರೆ ಥರದ ಕ್ಯಾನ್‌ಗಳು ಬರುತ್ತಿವೆ. ಇಂಡಿಯಾ ಪೇಲ್ ಏಲ್, ಅಂದರೆ ಐಪಿಎ ಎಂಬ, ಹಾಪ್ಸ್ ಜೋರಾಗಿರುವ ಬಿಯರ್. ಅದರಲ್ಲೂ ಡಬಲ್ ಐಪಿಎ ಆದರೆ ಆಲ್ಕೋಹಾಲೂ ಜಾಸ್ತಿ, ಹಾಪ್ಸೂ ಜಾಸ್ತಿ. ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ ಶೇಕಡಾ 5 ದಾಟಿ 8ರವರೆಗೆ ಇರುವುದೆಲ್ಲ 'ಸ್ಟ್ರಾಂಗ್'. ಹಾಗಾಗಿ ಲೇಬಲ್ ನೋಡಿದರೆ ಎರಡೂ ಒಂದೇ ಜಾತಿ ಅನಿಸುತ್ತದೆ. ಮೊದಲ ಗುಟುಕಿಗೇ ಮುಖ ಕಿವುಚಿಕೊಂಡು, "ಏನಪ್ಪಾ ಇದು, ಬೇವಿನ ಕಷಾಯ ಕುಡಿದಂಗೈತೆ" ಅನ್ನುವವರೇ ಹೆಚ್ಚು.

ಅವರ ನಾಲಿಗೆ ಸುಳ್ಳು ಹೇಳುತ್ತಿಲ್ಲ. ಆದರೆ ಈ ಬಿಯರನ್ನು ನಾಲಿಗೆಯೊಂದನ್ನೇ ನಂಬಿ ಅಳೆಯಲು ಆಗುವುದಿಲ್ಲ. ಇಲ್ಲಿ ಮೂಗಿಗೆ ಕೆಲಸ ಜಾಸ್ತಿ.

ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ ಎಂಬ ಸಂಸ್ಥೆ ಇದೆ. ಬಿಯರ್ ಸ್ಪರ್ಧೆಗಳ ತೀರ್ಪುಗಾರರಿಗೆ ಪರೀಕ್ಷೆ ಮಾಡಿ ಅರ್ಹತೆ ಕೊಡುವುದು ಅದರ ಕೆಲಸ. ಅವರ ಅಂಕಪಟ್ಟಿ 50ಕ್ಕೆ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ದಪ್ಪವೋ ತೆಳುವೋ ಅನಿಸುವುದಕ್ಕೆ 5, ಒಟ್ಟಾರೆ ಅನಿಸಿಕೆಗೆ 10. ರುಚಿಯ ಆ 20ರಲ್ಲೂ ಮೂಗಿನ ಪಾಲು ದೊಡ್ಡದು. ನುಂಗಿದಾಗ ಬಾಯಿಯ ಹಿಂಭಾಗದಿಂದ ಗಾಳಿ ಮೂಗಿಗೆ ಏರುತ್ತದಲ್ಲ, ಹಣ್ಣಿನ ರುಚಿ, ಹೂವಿನ ರುಚಿ ಅಂತ ನಾವು ಕರೆಯುವುದೆಲ್ಲ ಆ ದಾರಿಯಲ್ಲಿ ಬಂದ ವಾಸನೆಯೇ. ನೆಗಡಿಯಾದಾಗ ಊಟ ಸಪ್ಪೆ ಅನಿಸುವುದು ಇದಕ್ಕೇ.

ಹಾಪ್ಸ್ ಒಂದು ಬಳ್ಳಿ. ಗಾಂಜಾ ಗಿಡದ ಕುಟುಂಬದ್ದೇ, ಆದರೆ ಆ ಅಮಲು ಇದರಲ್ಲಿಲ್ಲ. ಬಿಯರ್‌ಗೆ ಬೇಕಾಗುವುದು ಹೆಣ್ಣು ಬಳ್ಳಿಯ ಹೂಗೊಂಚಲು. ಹಸಿರು ಪಕಳೆ ಬಿಡಿಸಿ ನೋಡಿದರೆ ಬುಡದಲ್ಲಿ ಹಳದಿ ಪುಡಿ ಅಂಟಿಕೊಂಡಿರುತ್ತದೆ. ಕಹಿಯೂ ಪರಿಮಳವೂ ಇರುವುದು ಆ ಪುಡಿಯಲ್ಲೇ. ಬಳ್ಳಿ ಚೆನ್ನಾಗಿ ಬೆಳೆದು ಆಮೇಲೆ ಹೇರಳವಾಗಿ ಹೂ ಬಿಡಬೇಕಾದರೆ ಬೇಸಿಗೆಯ ಹಗಲು ಉದ್ದ ಇರಬೇಕು. ಅದಕ್ಕೇ ಹೆಚ್ಚಾಗಿ 35ರಿಂದ 55 ಡಿಗ್ರಿ ಅಕ್ಷಾಂಶದ ನಡುವಿನ ದೇಶಗಳಲ್ಲಿ ಬೆಳೆಯುತ್ತಾರೆ. ಕೋಲಾರ 13 ಡಿಗ್ರಿಯಲ್ಲಿದೆ. ಇಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ 13 ಗಂಟೆಗೆ ಒಂದಿಷ್ಟು ಕಡಿಮೆಯೇ. ಟೊಮೆಟೊ, ಮಾವು, ರೇಷ್ಮೆ ಎಲ್ಲ ತೆಗೆಯುವ ನಮ್ಮ ರೈತರಿಗೂ ಈ ಬೆಳೆ ಒಲಿಯುವುದು ಕಷ್ಟ.

ಮೊದಲು ಕಹಿಯ ಲೆಕ್ಕ ನೋಡೋಣ. ಹಾಪ್ಸ್‌ನಲ್ಲಿ ಆಲ್ಫಾ ಆಮ್ಲಗಳು ಎಂಬ ವಸ್ತುಗಳಿವೆ. ಅವು ಇದ್ದ ಹಾಗೇ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಅಷ್ಟು ಕಹಿಯೂ ಅಲ್ಲ. ಮಾಲ್ಟ್ ರಸದ ಜೊತೆ ಒಂದು ಗಂಟೆ ಕುದಿಸಿದಾಗ ಅಣುವಿನ ಜೋಡಣೆ ಬದಲಾಗಿ ಐಸೋ ಆಲ್ಫಾ ಆಮ್ಲಗಳಾಗುತ್ತವೆ. ನಾಲಿಗೆಗೆ ತಾಕುವ ಕಹಿ ಇವುಗಳದ್ದೇ. ಮನುಷ್ಯರಲ್ಲಿ ಕಹಿ ಗುರುತಿಸುವ ಗ್ರಾಹಕಗಳು, ಅಂದರೆ ರುಚಿ ಹಿಡಿಯುವ ಅಣುಗಳು, ಸುಮಾರು 25 ಬಗೆ. ಸಿಹಿಗೆ ಅಷ್ಟೊಂದು ಕಾವಲುಗಾರರಿಲ್ಲ. ಗಿಡಗಳ ಎಷ್ಟೋ ವಿಷಗಳು ಕಹಿಯಾಗಿರುವುದರಿಂದ ದೇಹ ಈ ವಿಷಯದಲ್ಲಿ ಮೈಮರೆಯುವುದಿಲ್ಲ. ಆ ಮೊದಲ ಗುಟುಕಿಗೆ ಮುಖ ಕಿವುಚುವುದು ಹುಟ್ಟಿನಿಂದ ಬಂದ ಬುದ್ಧಿ. ಕಾಫಿ, ಹಾಗಲಕಾಯಿ ಅಭ್ಯಾಸವಾದ ಹಾಗೆ ಇದೂ ನಿಧಾನಕ್ಕೆ ಅಭ್ಯಾಸವಾಗುತ್ತದೆ.

ಕಹಿಯನ್ನು ಐಬಿಯು ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಲೀಟರಿನಲ್ಲಿ ಹೆಚ್ಚುಕಡಿಮೆ ಒಂದು ಮಿಲಿಗ್ರಾಂ ಐಸೋ ಆಲ್ಫಾ ಆಮ್ಲ ಇದ್ದರೆ ಒಂದು ಐಬಿಯು. ಡಬಲ್ ಐಪಿಎಗಳಲ್ಲಿ ಇದು 60 ದಾಟುವುದು ಮಾಮೂಲು. ಕ್ಯಾನ್ ಮೇಲೆ ಈ ಸಂಖ್ಯೆ ದಪ್ಪಕ್ಕೆ ಅಚ್ಚು ಹಾಕಿಸುವವರಿದ್ದಾರೆ. ನನ್ನ ಮಟ್ಟಿಗೆ ಅದು ಜಂಬದ ಸಂಖ್ಯೆ. ಹಾಗಲಕಾಯಿ ಗೊಜ್ಜಿನ ಕಹಿಯನ್ನು ಹಾಗಲಕಾಯಿಯ ತೂಕ ನೋಡಿ ಹೇಳಲು ಆಗುತ್ತದೆಯೇ? ಬೆಲ್ಲ, ಹುಣಸೆಹಣ್ಣು ಎಷ್ಟು ಬಿದ್ದಿದೆ ಎಂದು ನೋಡಬೇಕು. ಬಿಯರಿನಲ್ಲಿ ಬೆಲ್ಲದ ಕೆಲಸ ಮಾಡುವುದು ಮಾಲ್ಟಿನಲ್ಲಿ ಉಳಿದ ಸಿಹಿ. 70 ಐಬಿಯು ಇರುವ ದಪ್ಪ, ಸಿಹಿ ಉಳಿದ ಬಿಯರ್ ಹಿತವಾಗಿರಬಹುದು. 40 ಐಬಿಯು ಇರುವ ತೆಳ್ಳಗಿನ ಬಿಯರ್ ಗಂಟಲು ಕೆರೆಯಬಹುದು. ಆದ್ದರಿಂದ ಎಷ್ಟು ಕಹಿ ಎಂಬುದಕ್ಕಿಂತ, ನುಂಗಿದ ಮೇಲೆ ಆ ಕಹಿ ಏನು ಮಾಡುತ್ತದೆ ಎಂದು ಗಮನಿಸಿ. ಚೊಕ್ಕವಾಗಿ ಬಂದು ಕರಗಿಹೋದರೆ ಒಳ್ಳೆಯದು. ಮಾತ್ರೆ ನಾಲಿಗೆಗೆ ಅಂಟಿದ ಥರ ಕೂತುಬಿಟ್ಟರೆ ಅಂಕ ಕಡಿಮೆ.

ಇನ್ನು ಪರಿಮಳ. ಹಾಪ್ಸ್‌ನ ಸುಗಂಧ ತೈಲಗಳು ಕುದಿಯುವ ಹಂಡೆಯಲ್ಲಿ ಆವಿಯ ಜೊತೆ ಹಾರಿಹೋಗುತ್ತವೆ. ಅದಕ್ಕೇ ಕಹಿಗೆ ಬೇಕಾದಷ್ಟನ್ನು ಮೊದಲೇ ಹಾಕಿ ಕುದಿಸಿ, ಪರಿಮಳದ ಪಾಲನ್ನು ಕೊನೆಗೆ, ಎಷ್ಟೋ ಸಲ ಹುದುಗು ಮುಗಿದ ತಣ್ಣನೆಯ ಬಿಯರ್‌ಗೇ ಸೇರಿಸಿ ನೆನೆಸುತ್ತಾರೆ. ಇದಕ್ಕೆ ಡ್ರೈ ಹಾಪಿಂಗ್ ಎನ್ನುತ್ತಾರೆ. ಈ ತೈಲದಲ್ಲಿ ನೂರಾರು ಅಣುಗಳಿವೆ. ಅನೇಕ ತಳಿಗಳಲ್ಲಿ ಮುಂದೆ ನಿಲ್ಲುವುದು ಮೈರ್ಸೀನ್ ಎಂಬ ಅಣು.

ಶ್ರೀನಿವಾಸಪುರದ ಹತ್ತಿರ ಸ್ನೇಹಿತರೊಬ್ಬರ ಮನೆಯಲ್ಲಿ ಇಂಥ ಒಂದು ಕ್ಯಾನ್ ಒಡೆದಿದ್ದೆವು. ನಾವು ಓದಿಕೊಂಡವರು ಪೈನ್, ಗ್ರೇಪ್‌ಫ್ರೂಟ್ ಅಂತ ಕ್ಯಾನಿನ ಮೇಲಿದ್ದುದನ್ನೇ ಒಪ್ಪಿಸುತ್ತಿದ್ದೆವು. ಪೈನ್ ಕಾಡನ್ನು ನೋಡಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಆ ಸ್ನೇಹಿತರ ಚಿಕ್ಕಪ್ಪ ಮಾವಿನ ತೋಪಿನವರು, ಬಿಯರ್ ಮುಟ್ಟುವವರಲ್ಲ. ಸುಮ್ನೆ ಲೋಟ ಇಸ್ಕೊಂಡು ಒಂದು ಸಲ ಮೂಸಿದರು. "ಇದು ಸೊನೆ ವಾಸನೆ ಅಲ್ವೇನಪ್ಪಾ? ಕಾಯಿ ತೊಟ್ಟು ಮುರಿದಾಗ ಚಿಮ್ಮುತ್ತಲ್ಲ, ಅದೇ" ಅಂದರು. ಮತ್ತೆ ಮೂಸಿ ನೋಡಿದೆವು. ಹೌದು, ಅದೇ. ಮೈ ಮೇಲೆ ಬಿದ್ದರೆ ಸುಡುವ ಮಾವಿನ ಸೊನೆಯ ಎಣ್ಣೆಯಲ್ಲಿ ಇರುವುದೂ ಮೈರ್ಸೀನ್, ಆಸಿಮೀನ್‌ನಂಥ, ಟರ್ಪೀನ್ ಎಂಬ ಘಾಟು ವಾಸನೆಯ ಅಣುಗಳೇ. ಸಾವಿರಾರು ಮೈಲಿ ದೂರದ ಬಳ್ಳಿಯಲ್ಲೂ ನಮ್ಮ ತೋಪಿನಲ್ಲೂ ಒಂದೇ ಅಣು. ಚಿಕ್ಕಪ್ಪನವರ ಮೂಗು ಅದನ್ನು ಕ್ಯಾನಿನ ಬರಹ ಓದದೆಯೇ ಹಿಡಿದಿತ್ತು.

ಗ್ರೇಪ್‌ಫ್ರೂಟ್ ಕಥೆಯೂ ಹೀಗೇ. ಅಮೆರಿಕದ ಹಾಪ್ಸ್‌ಗೆ ಆ ಹೆಸರು ಅಂಟಿದ್ದು 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ತಳಿಯ ಕಾಲದಿಂದ. ಗ್ರೇಪ್‌ಫ್ರೂಟ್ ಎಂಬುದು ಚಕ್ಕೋತ ಮತ್ತು ಕಿತ್ತಳೆ ಬೆರೆತು ಕೆರಿಬಿಯನ್ ದ್ವೀಪಗಳಲ್ಲಿ ಹುಟ್ಟಿದ ಹಣ್ಣು. ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ದಾರಿಯಲ್ಲೇ ದೇವನಹಳ್ಳಿ ಇದೆ, ಚಕ್ಕೋತಕ್ಕೆ ಹೆಸರಾದ ಊರು. ಅದರ ಸಿಪ್ಪೆಯನ್ನು ಉಗುರಿನಿಂದ ಗೀರಿ ಒಮ್ಮೆ ಮೂಸಿ, ಆಮೇಲೆ ಲೋಟ ಮೂಸಿ. ಪುಸ್ತಕ ಓದುವುದಕ್ಕಿಂತ ಬೇಗ ತಿಳಿಯುತ್ತದೆ. ಕೆಲವು ಹೊಸ ತಳಿಗಳಲ್ಲಿ ಚೆನ್ನಾಗಿ ಕಳಿತ ಸೀಬೆಹಣ್ಣಿನ ವಾಸನೆ ಬರುತ್ತದೆ. ಅದು ಥಯಾಲ್ ಎಂಬ ಗಂಧಕದ ಅಣುಗಳ ಕೆಲಸ, ಸೀಬೆಯಲ್ಲೂ ಅವೇ ಇರುತ್ತವೆ. ಇವುಗಳಲ್ಲಿ ಕೆಲವು ಒಂದು ಲೀಟರಿನಲ್ಲಿ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಸಿಗುತ್ತವೆ. ಜಾಸ್ತಿಯಾದರೆ ಮಾತ್ರ ಅದೇ ಹಣ್ಣಿನ ವಾಸನೆ ಬೆಕ್ಕು ಉಚ್ಚೆ ಹೊಯ್ದ ಹಾಗಾಗುತ್ತದೆ. ತಮಾಷೆಯಲ್ಲ, ತೀರ್ಪುಗಾರರು ಹಾಗೇ ಬರೆಯುತ್ತಾರೆ.

ಮೂಸುವುದಕ್ಕೂ ಒಂದು ಕ್ರಮ ಇದೆ. ಕ್ಯಾನಿನಿಂದ ನೇರ ಕುಡಿದರೆ ಎಲ್ಲ ವ್ಯರ್ಥ, ಲೋಟ ಬೇಕು. ಅರ್ಧ ಲೋಟ ಮಾತ್ರ ಸುರಿಯಿರಿ, ನೊರೆ ಏಳಲಿ. ನೊರೆಯ ಗುಳ್ಳೆ ಒಡೆದಾಗಲೇ ವಾಸನೆ ಮೇಲೆ ಬರುವುದು. ಹಾಪ್ಸ್‌ನ ಕಹಿ ವಸ್ತುವೂ ಬಾರ್ಲಿಯ ಪ್ರೋಟೀನೂ ಸೇರಿ ಈ ನೊರೆಯನ್ನು ಗಟ್ಟಿ ಮಾಡುತ್ತವೆ, ಲೋಟದ ಒಳಗೋಡೆಗೆ ಬಲೆಯ ಹಾಗೆ ಅಂಟಿ ಉಳಿಯುವುದು ಅದಕ್ಕೇ. ಸುರಿದ ತಕ್ಷಣ ಎರಡು ಮೂರು ಸಲ ಚಿಕ್ಕದಾಗಿ ಮೂಸಿ. ಉದ್ದಕ್ಕೆ ಎಳೆದರೆ ಮೂಗು ಬೇಗ ಒಗ್ಗಿಕೊಂಡು ಏನೂ ಇಲ್ಲ ಅನ್ನುತ್ತದೆ. ಹಾಗಾದರೆ ನಿಮ್ಮ ಮುಂಗೈ ಒಮ್ಮೆ ಮೂಸಿ, ಮತ್ತೆ ಲೋಟಕ್ಕೆ ಬನ್ನಿ. ತೀರಾ ತಣ್ಣಗಿದ್ದರೆ ಪರಿಮಳ ಏಳುವುದೇ ಇಲ್ಲ. ಇಂಥ ಬಿಯರ್‌ಗೆ 8ರಿಂದ 12 ಡಿಗ್ರಿ ಸಾಕು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಮಾತಾಡಿಕೊಂಡು ಕೂತರೆ ತಾನಾಗಿ ಅಲ್ಲಿಗೆ ಬರುತ್ತದೆ.

ಇದಕ್ಕೆ ಅಡ್ಡ ಬರುವುದು ನಮ್ಮ ಸೈಡ್ಸ್. ನಾಟಿ ಕೋಳಿ ಫ್ರೈ, ಖಾರದ ಕಡಲೆಬೀಜ ಇಲ್ಲದೆ ನಮಗೆ ಬಿಯರ್ ಇಳಿಯುವುದಿಲ್ಲ. ಮೆಣಸಿನಕಾಯಿಯ ಖಾರಕ್ಕೂ ಬಿಸಿಯ ಉರಿಗೂ ಬಾಯಲ್ಲಿ ಇರುವುದು ಒಂದೇ ಗ್ರಾಹಕ, ಟಿಆರ್‌ಪಿವಿ1. ಅದು ಸಾಮಾನ್ಯವಾಗಿ ಸುಮಾರು 42 ಡಿಗ್ರಿಗೆ ಕೆರಳುತ್ತದೆ. ಆಲ್ಕೋಹಾಲ್ ಸೇರಿದರೆ ಸುಮಾರು 34ಕ್ಕೇ ಕೆರಳುತ್ತದೆ ಎಂದು 2002ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಅಂದರೆ ಮೈಯ ಸಹಜ ಬಿಸಿಯೇ ಉರಿ ಅನಿಸಲು ಸಾಕು. ಸ್ಟ್ರಾಂಗ್ ಬಿಯರ್ ಎದೆ ಬೆಚ್ಚಗೆ ಮಾಡುವುದು ಹೀಗೆ. ಖಾರದ ಮೇಲೆ ಕುಡಿದರೆ ಉರಿ ತಣಿಯುವ ಬದಲು ಏರುವುದೂ ಹೀಗೆ. ರುಚಿ ನೋಡಬೇಕೆಂದಿರುವ ದಿನ ಖಾರ ಪಕ್ಕಕ್ಕಿಡಿ. ಒಗ್ಗರಣೆ ಹಾಕದ ಪುರಿ, ನೀರು ಇದ್ದರೆ ಸಾಕು. ಶೇಕಡಾ 8 ಇದ್ದರೂ ಆಲ್ಕೋಹಾಲ್ ಮೂಗಿಗೆ ಹೊಡೆಯಬಾರದು. ಸ್ಪಿರಿಟ್ ವಾಸನೆ ಬಂದರೆ ಹುದುಗು ಬರಿಸುವಾಗ ಬಿಸಿ ಜಾಸ್ತಿಯಾಗಿರಬಹುದು.

ಎಷ್ಟೋ ಸಲ ತಪ್ಪು ತಯಾರಿಸಿದವರದ್ದಲ್ಲ, ಇಟ್ಟವರದ್ದು. ಮದ್ಯದ ಅಂಗಡಿಯಲ್ಲಿ ಕ್ಯಾನ್ ಕೇಸುಗಳು ಬಿಸಿಲು ಬೀಳುವ ಶಟರ್ ಪಕ್ಕ ಪೇರಿಸಿರುವುದನ್ನು ನೋಡಿದ್ದೇನೆ. ಬಿಸಿಗೆ ಮೊದಲು ಸಾಯುವುದು ಪರಿಮಳ. ಕಹಿಯೂ ಒರಟಾಗುತ್ತದೆ, ಒದ್ದೆ ರಟ್ಟಿನ ವಾಸನೆ ಬರುತ್ತದೆ. ಹಸಿರು ಅಥವಾ ಬಿಳಿ ಗಾಜಿನ ಬಾಟಲಿಯಾದರೆ ಬೆಳಕಿನದೇ ಇನ್ನೊಂದು ಕಾಟ. ಬಿಯರಿನಲ್ಲಿರುವ ರೈಬೋಫ್ಲೇವಿನ್ ಎಂಬ ವಿಟಮಿನ್ ಬೆಳಕು ಹೀರಿ ಹಾಪ್ಸ್‌ನ ಕಹಿ ಅಣುವನ್ನು ಒಡೆಯುತ್ತದೆ. ಅದರಿಂದ ಹುಟ್ಟುವ ಗಂಧಕದ ವಸ್ತುವಿನ ನಾತವನ್ನು ಅಮೆರಿಕದವರು ಸ್ಕಂಕ್ ಎಂಬ ಪ್ರಾಣಿಯ ಹೆಸರಲ್ಲಿ ಕರೆಯುತ್ತಾರೆ. ನನಗೆ ಅದು ರಬ್ಬರ್ ಸುಟ್ಟ ಹಾಗೆ. ಕ್ಯಾನ್ ಒಳಗೆ ಬೆಳಕು ಹೋಗುವುದಿಲ್ಲ, ಕಂದು ಬಾಟಲಿಯೂ ಪರವಾಗಿಲ್ಲ. ಏನೇ ಆದರೂ ಕೊಳ್ಳುವಾಗ ತಯಾರಾದ ದಿನಾಂಕ ನೋಡಿ. ಐಪಿಎ ವೈನ್ ಥರ ಇಟ್ಟಷ್ಟೂ ಮಾಗುವ ವಸ್ತುವಲ್ಲ. ಎರಡು ಮೂರು ತಿಂಗಳು ಹೊರಗೆ ಬೆಂದದ್ದಕ್ಕೆ ದುಡ್ಡು ಹಾಕಬೇಡಿ.

ಅಂದ ಹಾಗೆ ಡಬಲ್ ಐಪಿಎ ಹುಟ್ಟಿದ ಬಗೆಯೂ ಮಜವಾಗಿದೆ. ಕ್ಯಾಲಿಫೋರ್ನಿಯಾದ ಬ್ಲೈಂಡ್ ಪಿಗ್ ಎಂಬ ಬ್ರೂವರಿಯಲ್ಲಿ ವಿನ್ನಿ ಸಿಲುರ್ಜೊ 1994ರಲ್ಲಿ ಮೊದಲ ಬಿಯರ್ ಮಾಡುವಾಗ ಸಲಕರಣೆ ಹಳೆಯದಿತ್ತು. ಏನಾದರೂ ಕೆಟ್ಟ ರುಚಿ ಬಂದರೂ ಮುಚ್ಚಿಹೋಗಲಿ ಎಂದು ಹಾಪ್ಸ್ ಎರಡು ಪಟ್ಟು ಹಾಕಿದರು. ಕುಡಿದವರಿಗೆ ಅದೇ ಹಿಡಿಸಿಬಿಟ್ಟಿತು.

ಇನ್ನು ಎಷ್ಟು ಕುಡಿಯಬೇಕು ಎಂಬ ಪ್ರಶ್ನೆ. ಮದ್ಯದಲ್ಲಿ ಆರೋಗ್ಯಕ್ಕೆ ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಶೇಕಡಾ 8ರ 330 ಮಿಲಿಲೀಟರ್ ಕ್ಯಾನಿನಲ್ಲಿ ಸುಮಾರು 21 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ರುಚಿ ನೋಡುವುದಕ್ಕೆ ನಾಲ್ವರಿಗೆ ಒಂದು ಕ್ಯಾನ್ ಸಾಕು, ತಲೆಗೆ 80 ಮಿಲಿಲೀಟರ್ ಬರುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಕಹಿ ನಾಲಿಗೆಯ ಮೇಲೆ ಪೇರುತ್ತಾ ಹೋಗಿ ತೀರ್ಪೂ ಹದಗೆಡುತ್ತದೆ. ರಾತ್ರಿ ಕೋಲಾರಕ್ಕೆ ಗಾಡಿ ಓಡಿಸಿಕೊಂಡು ವಾಪಸ್ ಹೋಗಬೇಕಾದವನಿಗೆ ಮೂಸುವ, ನೋಡುವ ಕೆಲಸ ವಹಿಸಿ. ಒಂದು ಹನಿ ಕುಡಿಯದೆ 50ರಲ್ಲಿ 15 ಅಂಕ ಅವನೇ ಹಾಕಬಹುದು.