ಸಿನಾಯ್ ಮಠದೊಳಗೆ ಮಸೀದಿ ಏಕಿದೆ?

ಓದುಗರ ಪ್ರಶ್ನೆ: ಈಜಿಪ್ಟಿನ ಸೇಂಟ್ ಕ್ಯಾಥರೀನ್ ಕ್ರೈಸ್ತ ಮಠದ ಕೋಟೆಗೋಡೆಯೊಳಗೆ ಮಸೀದಿಯೂ ಇದೆಯಂತೆ. ಮುಸ್ಲಿಂ ದೊರೆಗಳು ಮಠವನ್ನು ವಶಪಡಿಸಿಕೊಂಡಿದ್ದರೇ?

ಉತ್ತರ: ಇಲ್ಲ. 6ನೇ ಶತಮಾನದಲ್ಲಿ ಚಕ್ರವರ್ತಿ ಜಸ್ಟೀನಿಯನ್ ಕಟ್ಟಿಸಿದ ಈ ಮಠದಲ್ಲಿ ಗ್ರೀಕ್ ಆರ್ಥೊಡಾಕ್ಸ್ ಸನ್ಯಾಸಿಗಳು ಇಂದಿಗೂ ಇದ್ದಾರೆ. ಮಠದ ಹಿಂದಿನ ಬೆಟ್ಟ ಕ್ರೈಸ್ತರಿಗೆ ಮೋಶೆಯದು, ಮುಸ್ಲಿಮರಿಗೆ ಪ್ರವಾದಿ ಮೂಸಾರದು. ಇಬ್ಬರಿಗೂ ಅದು ಪವಿತ್ರ.

ಈಜಿಪ್ಟ್ ಆಳಿದ ಫಾತಿಮಿ ಮನೆತನದ ಖಲೀಫ ಅಲ್-ಹಾಕಿಮ್‌ನಿಂದ ಮಠವನ್ನು ಉಳಿಸಿಕೊಳ್ಳಲು ಮಸೀದಿ ಕಟ್ಟಲಾಯಿತು ಎಂಬ ಐತಿಹ್ಯವಿದೆ. ಅವನ ಬಗ್ಗೆ ಇದ್ದ ಭಯ ಸುಳ್ಳಲ್ಲ. 1009ರಲ್ಲಿ ಅವನು ಜೆರುಸಲೇಮಿನ ಪವಿತ್ರ ಸಮಾಧಿಯ ಚರ್ಚನ್ನೇ ಕೆಡವಿಸಿದ. ಕೈರೋ ಬಳಿಯ ದೈರ್ ಅಲ್-ಕುಸೈರ್ ಮಠವೂ ಅವನ ಕಾಲದಲ್ಲೇ ನೆಲಕಚ್ಚಿತು. ಅದಕ್ಕೂ ನೂರು ವರ್ಷ ಮೊದಲು ಈಜಿಪ್ಟ್ ಆಳಿದ ಖುಮಾರವೈಹ್ ಆ ಮಠದಲ್ಲಿದ್ದ ಮಾತೆ ಮೇರಿಯ ಚಿತ್ರಕ್ಕೆ ಮನಸೋತು ಅಲ್ಲಿಗೆ ಹೋಗಿಬರುತ್ತಿದ್ದ. ಅದೇ ಮಠ, ಇಬ್ಬರೂ ಮುಸ್ಲಿಂ ದೊರೆಗಳು. ‘ಮುಸ್ಲಿಂ ದೊರೆಗಳು ಹೀಗೆ ನಡೆದುಕೊಂಡರು’ ಎಂದು ಒಂದೇ ಮಾತಿನಲ್ಲಿ ಹೇಳುವವರನ್ನು ನಾನು ಒಪ್ಪದಿರುವುದು ಇದಕ್ಕೇ.

ಆದರೆ ಸಿನಾಯ್ ಮಸೀದಿಯ ಮರದ ಮಿಂಬರ್, ಅಂದರೆ ಶುಕ್ರವಾರದ ಪ್ರವಚನದ ಪೀಠ, ಬೇರೆ ಕಾಲವನ್ನು ಹೇಳುತ್ತದೆ. ಅದರ ಬರಹದಲ್ಲಿರುವ ವರ್ಷ ಹಿಜರಿ 500, ಅಂದರೆ 1106. ಅಲ್-ಹಾಕಿಮ್ ಸತ್ತು ಆಗಲೇ 85 ವರ್ಷ ಕಳೆದಿತ್ತು. ಅದು ಖಲೀಫ ಅಲ್-ಆಮಿರ್‌ನ ಕಾಲ.

ಹಾಗಾದರೆ ಮಠವನ್ನು ಕಾಯ್ದದ್ದು ಯಾವುದು? ಹೆಚ್ಚಾಗಿ, ಕಾಗದ. ಪ್ರವಾದಿ ಮುಹಮ್ಮದರೇ ತಮ್ಮ ಅಂಗೈಯ ಗುರುತು ಒತ್ತಿ ಕೊಟ್ಟದ್ದೆಂದು ಸನ್ಯಾಸಿಗಳು ನಂಬುವ ‘ಅಶ್ತಿನಾಮೆ’ ಎಂಬ ಅಭಯಪತ್ರದ ಪ್ರತಿಗಳು ಅಲ್ಲಿವೆ. 1517ರಲ್ಲಿ ಈಜಿಪ್ಟ್ ಗೆದ್ದ ಆಟೊಮನ್ ಸುಲ್ತಾನ ಸಲೀಂ ಮೂಲಪತ್ರವನ್ನು ಇಸ್ತಾಂಬುಲ್‌ಗೆ ಒಯ್ದನೆಂದು ಮಠದವರು ಹೇಳುತ್ತಾರೆ. ಆ ಪತ್ರ ಪ್ರವಾದಿಯ ಕಾಲದ್ದೆಂಬುದನ್ನು ಅನೇಕ ವಿದ್ವಾಂಸರು ಒಪ್ಪುವುದಿಲ್ಲ. ಆದರೂ ಆ ನಂಬಿಕೆ ದರ್ಬಾರುಗಳಲ್ಲಿ ಕೆಲಸ ಮಾಡಿತು.

ನನ್ನನ್ನು ಹೆಚ್ಚು ಕಾಡುವುದು ಅನುಮಾನಕ್ಕೆ ಎಡೆಯಿಲ್ಲದ ಇನ್ನೊಂದು ರಾಶಿ. ಒಂದಾದ ಮೇಲೊಂದರಂತೆ ಈಜಿಪ್ಟ್ ಆಳಿದ ಫಾತಿಮಿ, ಅಯ್ಯೂಬಿ, ಮಮ್ಲೂಕ್ ದರ್ಬಾರುಗಳ ಸನದುಗಳು, ಅಂದರೆ ಅಪ್ಪಣೆಪತ್ರಗಳು, ಮಠದ ಭಂಡಾರದಲ್ಲಿ ಇಂದಿಗೂ ಇವೆ. ಸ್ಥಳೀಯ ಅಧಿಕಾರಿಗಳು ಸುಲಿಯುತ್ತಿದ್ದಾರೆ, ಮರುಭೂಮಿಯ ಅಲೆಮಾರಿ ಬೆದೂಯಿನರು ಕಾಡುತ್ತಿದ್ದಾರೆ ಎಂದು ಸನ್ಯಾಸಿಗಳು ಮರುಭೂಮಿ ದಾಟಿ ಕೈರೋಗೆ ಅರ್ಜಿ ಒಯ್ಯುತ್ತಿದ್ದರು. ಇವರನ್ನು ಮುಟ್ಟಬೇಡಿ ಎಂದು ಅಲ್ಲಿಂದ ಅಪ್ಪಣೆ ಬರುತ್ತಿತ್ತು. ಹೊಸ ದೊರೆ ಬಂದರೆ ಹಳೆಯ ಸನದು ಹಿಡಿದು ಮತ್ತೆ ಅದೇ ದಾರಿ.