ಜಿಂಜರ್ ಪದದ ಬಾಲದಲ್ಲಿರುವ ಬೇರು

ಜಿಂಜರ್ ಅಂದರೆ ಶುಂಠಿ, ಅದು ಎಲ್ಲರಿಗೂ ಗೊತ್ತು. ಆದರೆ ಈ ಪದ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ನಮ್ಮ ಕಡೆಯೇ. ಹೆಚ್ಚಿನ ಭಾಷಾತಜ್ಞರು ಒಪ್ಪುವ ದಾರಿ ಹೀಗಿದೆ.

ಹಳೆಯ ಇಂಗ್ಲಿಷಿನಲ್ಲಿ ಇದು ಗಿಂಗಿಫರ್ ಆಗಿತ್ತು. ಲ್ಯಾಟಿನ್ನಿಂದ ಬಂದದ್ದು. ಆಮೇಲೆ ಫ್ರೆಂಚರ ಜಿಂಜಿವ್ರ್ ಕೂಡ ಸೇರಿಕೊಂಡು ಈಗಿನ ರೂಪ ಬಂತು. ಲ್ಯಾಟಿನ್ನಿಗೆ ಕೊಟ್ಟದ್ದು ಗ್ರೀಕ್, ಅಲ್ಲಿ ಜಿಂಗಿಬೆರಿಸ್. ಗ್ರೀಕರಿಗೆ ಸಿಕ್ಕಿದ್ದು ಸಾಂಬಾರ ಪದಾರ್ಥದ ವ್ಯಾಪಾರದ ಜೊತೆಗೆ, ನಮ್ಮ ಪ್ರಾಕೃತದಿಂದ. ಪಾಲಿಯಲ್ಲಿ ಇದು ಸಿಂಗಿವೇರ.

ಇಲ್ಲಿಂದ ಮುಂದೆ ಮಜಾ ಇದೆ. ಸಂಸ್ಕೃತದಲ್ಲಿ ಇದು ಶೃಂಗವೇರ. ಶೃಂಗ ಅಂದರೆ ಕೊಂಬು, ವೇರ ಅಂದರೆ ದೇಹ, ಕೊಂಬಿನ ಹಾಗೆ ಕವಲೊಡೆದ ಗೆಡ್ಡೆ ಅಂತ ಬಿಡಿಸಿ ಹೇಳುವುದುಂಟು. ಕೇಳೋಕೆ ಚೆನ್ನಾಗಿದೆ, ಶುಂಠಿ ನೋಡಿದರೆ ಹೌದು ಅನಿಸುತ್ತದೆ ಕೂಡ, ಆದರೆ ಪದ ಮೊದಲು ಬಂದು ಅರ್ಥವನ್ನು ಆಮೇಲೆ ಹೊಂದಿಸಿದ್ದು ಅಷ್ಟೆ. ಮೂಲ ದ್ರಾವಿಡದ್ದು. ತಮಿಳು, ಮಲಯಾಳದಲ್ಲಿ ಶುಂಠಿಗೆ ಇಂದಿಗೂ ಇಂಜಿ ಅನ್ನುತ್ತಾರೆ, ವೇರ್ ಅಂದರೆ ಬೇರು, ಎರಡೂ ಸೇರಿ ಇಂಜಿವೇರ್. ತಮಿಳಿನ ವಕಾರ ನಮ್ಮಲ್ಲಿ ಬಕಾರ ಆಗುತ್ತದಲ್ಲ, ವೆಳ್ಳಿ ಬೆಳ್ಳಿ ಆದ ಹಾಗೆ, ವೇರ್ ಕೂಡ ನಮ್ಮ ಬೇರು. ಜಿಂಜರ್ ಕೊನೆಯಲ್ಲಿರುವ 'ಅರ್' ಆ ಬೇರಿನ ಉಳಿಕೆ. ಜರ್ಮನ್ನರ ಇಂಗ್‌ವರ್‌ನಲ್ಲಿ ಅದು ಇನ್ನೂ ಸ್ಪಷ್ಟ. (ಸಸ್ಯಶಾಸ್ತ್ರದವರು ಶುಂಠಿ ಬೇರಲ್ಲ, ನೆಲದೊಳಗಿನ ಕಾಂಡ ಅನ್ನುತ್ತಾರೆ. ಪದ ಮಾಡಿದವರಿಗೆ ಅದರ ಚಿಂತೆ ಇರಲಿಲ್ಲ.)

ಪದ ಹೋಯಿತು, ಊರು ಮಾತ್ರ ಮರೆತುಹೋಯಿತು. ಒಂದನೇ ಶತಮಾನದ ರೋಮಿನ ಬರಹಗಾರ ಪ್ಲಿನಿ, ಶುಂಠಿ ಬೆಳೆಯುವುದು ಅರೇಬಿಯಾದಲ್ಲಿ ಅಂತ ಬರೆದ, ಒಂದು ಪೌಂಡಿಗೆ 6 ದಿನಾರಿ (ರೋಮಿನ ಬೆಳ್ಳಿ ನಾಣ್ಯ) ಅಂತ ಬೆಲೆಯನ್ನೂ ಕೊಟ್ಟ! ನಡುವಿನ ವ್ಯಾಪಾರಿಗಳು ಗುಟ್ಟು ಬಿಟ್ಟುಕೊಟ್ಟಿರಲಿಕ್ಕಿಲ್ಲ.

ಇಷ್ಟೆಲ್ಲ ಆದರೂ ಕನ್ನಡದಲ್ಲಿ ಇಂಜಿ ಬಳಕೆಯಲ್ಲಿಲ್ಲ. ನಮ್ಮ ಶುಂಠಿ ಸಂಸ್ಕೃತದ್ದು, ಅಲ್ಲಿ ಅದು ಒಣಶುಂಠಿಯ ಹೆಸರು. ಅದಕ್ಕೇ ನಾವು ಹಸಿ ಶುಂಠಿ ಅಂತ ಬಿಡಿಸಿ ಹೇಳಬೇಕು. ಉತ್ತರ ಕರ್ನಾಟಕದವರಿಗೆ ಆ ತೊಂದರೆ ಇಲ್ಲ, ಹಸಿಯದಕ್ಕೆ 'ಅಲ್ಲ' ಅನ್ನುವ ಬೇರೆ ಹೆಸರೇ ಇದೆ, ಅಷ್ಟಂದರೆ ಮುಗೀತು.

ಅಂದಹಾಗೆ, ಹುಷಾರಾಗಿ ಅನ್ನುವ ಅರ್ಥದ ಜಿಂಜರ್ಲಿಗೂ ಶುಂಠಿಗೂ ನಂಟಿಲ್ಲ. ಅದು ನಾಜೂಕು ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದದ್ದು ಅನ್ನುತ್ತಾರೆ.