ಹಳೇ ಕಂಪ್ಯೂಟರ್ ಚಾಲೂ ಆಗದಿದ್ದರೆ ಮೊದಲು ಏನು ನೋಡಬೇಕು?

"ನಿನ್ನಿ ಮಟ ಛಲೋ ಇತ್ರಿ, ಇವತ್ತು ಚಾಲೂನೇ ಆಗವಲ್ದು." ಕಲಬುರಗಿಯಲ್ಲಿ ರಿಪೇರಿ ಅಂಗಡಿಗೆ ಸಿಪಿಯು ಹೊತ್ತು ತರುವವರು ಸಾಮಾನ್ಯವಾಗಿ ಇಷ್ಟೇ ಹೇಳುತ್ತಾರೆ. ನನಗೆ ಇದು ಸಾಲದು. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದಾ? ತಿರುಗಿದರೂ ಪರದೆ ಕಪ್ಪಗೇ ಇದೆಯಾ? ಇಲ್ಲ, ಕಂಪನಿ ಲೋಗೋ ಬಂದು, ವಿಂಡೋಸ್ ಬರುವಷ್ಟರಲ್ಲಿ ನಿಲ್ಲುತ್ತದಾ? ಮೂರೂ ಬೇರೆ ಬೇರೆ ಕಾಯಿಲೆ. ಇದನ್ನು ಕೇಳದೆ "ಫಾರ್ಮ್ಯಾಟ್ ಮಾಡೋಣ" ಅನ್ನುವವರ ಕೈಗೆ ಮೆಷಿನ್ ಕೊಡಬೇಡಿ. ಫ್ಯಾನೇ ತಿರುಗದ ಡಬ್ಬಕ್ಕೆ ಫಾರ್ಮ್ಯಾಟ್ ಏನು ಮಾಡೀತು?

ಏನೂ ಸದ್ದಿಲ್ಲ ಅಂದರೆ ಮೊದಲು ಗೋಡೆಯ ಸ್ವಿಚ್ ಬೋರ್ಡಿನ ಸಾಕೆಟ್ ಬದಲಿಸಿ ನೋಡಿ. ಪವರ್ ಕೇಬಲ್ ಬದಲಿಸಿ. ಸಿಪಿಯು ಹಿಂದೆ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬ) ಮೇಲೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಕಸ ಹೊಡೆಯುವಾಗ ಅದು ಆಫ್ ಆಗಿರುವುದೂ ಉಂಟು. ಇವೆಲ್ಲ ಸರಿ ಇದ್ದರೆ ಅನುಮಾನ ಎಸ್‌ಎಂಪಿಎಸ್ ಮೇಲೆಯೇ. ನಮ್ಮ ಕಡೆ ಕರೆಂಟ್ ಹೋಗಿ ಬರುವ ಹೊತ್ತಿಗೆ ವೋಲ್ಟೇಜ್ ಏರಿಳಿಯುತ್ತದೆ. ಆ ಪೆಟ್ಟು ಮೊದಲು ತಿನ್ನುವುದು ಇದೇ.

ಪರೀಕ್ಷೆ ಸುಲಭ. ಪ್ಲಗ್ ಕಿತ್ತು, ಎಸ್‌ಎಂಪಿಎಸ್‌ನ ವೈರುಗಳನ್ನೆಲ್ಲ ಒಳಗಿನಿಂದ ಬಿಡಿಸಿ. 24 ಪಿನ್ನಿನ ದೊಡ್ಡ ಕನೆಕ್ಟರ್‌ನಲ್ಲಿ ಹಸಿರು ವೈರು ಒಂದೇ ಇರುತ್ತದೆ. ಅದನ್ನೂ ಪಕ್ಕದ ಕಪ್ಪು ವೈರನ್ನೂ ಪೇಪರ್ ಕ್ಲಿಪ್‌ನಿಂದ ಜೋಡಿಸಿ, ಆಮೇಲೆ ಪ್ಲಗ್ ಹಾಕಿ. ಫ್ಯಾನ್ ತಿರುಗಲಿಲ್ಲ ಅಂದರೆ ಎಸ್‌ಎಂಪಿಎಸ್ ಬಹುತೇಕ ಸತ್ತಂತೆ. ತಿರುಗಿತು ಅಂತ ಖುಷಿಪಡಬೇಡಿ, ಮಲ್ಟಿಮೀಟರ್ ಹಚ್ಚಿ. ಹಳದಿ ವೈರಿನಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಒಳಗೆ ಇರಬೇಕು. ಕಡಿಮೆ ಇದ್ದರೆ ಸುಮ್ನೆ ಹೊಸದು ತನ್ನಿ. ಎಸ್‌ಎಂಪಿಎಸ್ ಡಬ್ಬ ಮಾತ್ರ ಬಿಚ್ಚಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರ್ 300 ವೋಲ್ಟಿಗೂ ಜಾಸ್ತಿ ಹಿಡಿದಿಟ್ಟುಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಹೊಡೆಯಬಹುದು.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು ಅಂದರೆ ನನ್ನ ಕೈ ನೇರ ರ‍್ಯಾಮ್ (ಮೆಮೊರಿ ಪಟ್ಟಿ) ಕಡೆ ಹೋಗುತ್ತದೆ. ಡಿಡಿಆರ್2, ಡಿಡಿಆರ್3 ಅನ್ನುವ ಹಳೇ ತಲೆಮಾರಿನ ಮೆಮೊರಿ ಇರುವ ಮೆಷಿನ್‌ಗಳಲ್ಲಿ ಇದೇ ಜಾಸ್ತಿ. ದಾಲ್ ಮಿಲ್ಲಿನ ಆಫೀಸಿನಿಂದ ಬಂದ ಸಿಪಿಯು ಬಿಚ್ಚಿದರೆ ತೊಗರಿ ಹೊಟ್ಟಿನ ನುಣ್ಣನೆ ಧೂಳು ಕೈತುಂಬ ಸಿಗುತ್ತದೆ. ಮಳೆಗಾಲದ ತೇವ ಸೇರಿದರೆ ಅದು ಸ್ಲಾಟಿನಲ್ಲಿ ಅಂಟಿಕೊಳ್ಳುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ ಒಂದಷ್ಟು ಹೊತ್ತು ಒತ್ತಿ ಹಿಡಿದು ಉಳಿದ ಕರೆಂಟ್ ಇಳಿಸಿ. ರ‍್ಯಾಮ್ ತೆಗೆದು, ಅದರ ಬಂಗಾರ ಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ರಬ್ಬರ್ ಪುಡಿ ಒರೆಸಿ, ಸ್ಲಾಟಿಗೆ ಬ್ರಷ್ ಆಡಿಸಿ. ಎರಡು ರ‍್ಯಾಮ್ ಇದ್ದರೆ ಒಂದೇ ಹಾಕಿ ನೋಡಿ, ಆಮೇಲೆ ಇನ್ನೊಂದು. ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, ಪ್ರಿಂಟರ್ ಎಲ್ಲ ಬಿಡಿಸಿಯೇ ಈ ಪರೀಕ್ಷೆ ಮಾಡಬೇಕು. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದು ಮಾನಿಟರ್ ವೈರನ್ನು ಮದರ್‌ಬೋರ್ಡಿಗೇ ಚುಚ್ಚಿದ್ದರೂ ಪರದೆ ಕಪ್ಪಗೇ ಇರುತ್ತದೆ. ಇದನ್ನೂ ಒಮ್ಮೆ ನೋಡಿಬಿಡಿ.

ರ‍್ಯಾಮ್ ಸರಿ ಇದ್ದರೆ ಮದರ್‌ಬೋರ್ಡಿನ ಮೇಲೆ ಸಣ್ಣ ಡಬ್ಬಿಗಳಂತೆ ನಿಂತಿರುವ ಕೆಪಾಸಿಟರ್‌ಗಳನ್ನು ಗಮನಿಸಿ. ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಕಲೆ ಬಿಟ್ಟಿದ್ದರೆ ಅವು ಹೋದವು. ಒಳಗಿನ ಬಿಸಿ 10 ಡಿಗ್ರಿ ಏರಿದರೆ ಇವುಗಳ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಮ್ಮೂರಿನ ಮೇ ತಿಂಗಳು ನಿಮಗೆ ಗೊತ್ತೇ ಇದೆ, ಹೊರಗೆ 42 ಡಿಗ್ರಿ ದಾಟಿದಾಗ ಧೂಳು ಕಟ್ಟಿದ ಡಬ್ಬದೊಳಗೆ ಹೇಗಿರಬೇಕು! ಬೆಸುಗೆ ಹಾಕುವವರು ಸಿಕ್ಕರೆ ಕೆಪಾಸಿಟರ್ ಬದಲಿಸಬಹುದು, ಖರ್ಚು ಬೋರ್ಡಿನಷ್ಟು ಬರುವುದಿಲ್ಲ.

ಜೂನ್ ಬಂತೆಂದರೆ ಶಾಲೆಗಳ ಮೆಷಿನ್‌ಗಳ ಸರದಿ. ರಜೆಗೆ ಹೋಗುವಾಗ ಮೇನ್ ಸ್ವಿಚ್ ಆಫ್ ಮಾಡಿರುತ್ತಾರೆ. ಪ್ಲಗ್‌ನಲ್ಲಿ ಕರೆಂಟ್ ಇದ್ದಾಗ ಬೋರ್ಡಿನ ಗಡಿಯಾರಕ್ಕೆ ಎಸ್‌ಎಂಪಿಎಸ್ ಆಸರೆ ಇರುತ್ತದೆ. ಇಲ್ಲದಾಗ ಎಲ್ಲ ಭಾರ ಆ ಸಣ್ಣ ಬಿಲ್ಲೆ ಸೆಲ್ಲಿನ ಮೇಲೆ. ಅದರ ಹೆಸರು ಸಿಆರ್2032, 3 ವೋಲ್ಟ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಅದು ಮುಗಿದಿದ್ದರೆ ತಾರೀಖು ಹಿಂದಕ್ಕೆ ಹೋಗುತ್ತದೆ, ಎಫ್1 ಒತ್ತಿ ಅಂತ ಪರದೆ ಕೇಳುತ್ತದೆ. ಸೆಲ್ ಬದಲಿಸಿದ ಮೇಲೂ ನೀಲಿ ಪರದೆ ಬಂದು ರೀಸ್ಟಾರ್ಟ್ ಆಗುತ್ತಿದ್ದರೆ ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್) ಹೋಗಿ ಸಾಟಾ ಮೋಡ್, ಅಂದರೆ ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ, ನೋಡಿ. ಸೆಲ್ ಮುಗಿದಾಗ ಬೋರ್ಡು ಹಳೇ ಸೆಟ್ಟಿಂಗ್ ಮರೆತಿರುತ್ತದೆ. ಮೊದಲು ಎಹೆಚ್‌ಸಿಐ ಇದ್ದದ್ದು ಐಡಿಇಗೆ ತಿರುಗಿರಬಹುದು. ಅದನ್ನು ವಾಪಸ್ ಹಾಕಿದರೆ ವಿಂಡೋಸ್ ಬರುತ್ತದೆ. ಇಲ್ಲೂ ಫಾರ್ಮ್ಯಾಟ್ ಬೇಕಾಗಿಲ್ಲ ಅಲ್ವಾ?

ಲೋಗೋ ಬಂದ ಮೇಲೆ ನಿಂತು, ಡಿಸ್ಕ್‌ನಿಂದ ಟಕ್ ಟಕ್ ಅಂತ ಸದ್ದು ಬಂದರೆ ಮಾತ್ರ ಮತ್ತೆ ಮತ್ತೆ ಆನ್ ಮಾಡಬೇಡಿ. ಒಂದೊಂದು ಸಲ ಆನ್ ಮಾಡಿದಾಗಲೂ ಫೈಲ್ ಸಿಗುವ ಆಸೆ ಕಡಿಮೆಯಾಗುತ್ತದೆ. ಸದ್ದಿಲ್ಲದಿದ್ದರೆ ಸಾಟಾ ಕೇಬಲ್ ಬದಲಿಸಿ, ಆಗಲೂ ಬರದಿದ್ದರೆ ಡಿಸ್ಕ್ ತೆಗೆದು ಇನ್ನೊಂದು ಕಂಪ್ಯೂಟರ್‌ಗೆ ಹಚ್ಚಿ. ಲೆಕ್ಕದ ಫೈಲು, ಮದುವೆ ಫೋಟೋ ಎಲ್ಲ ಕಾಪಿ ಮಾಡಿಕೊಂಡ ಮೇಲೆಯೇ ಮುಂದಿನ ರಿಪೇರಿ. ಅಷ್ಟಾದ ಮೇಲೆ ಹೊಸ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲು ಹಾಕುವ ವೇಗದ ಡಿಸ್ಕ್) ಹಾಕಿಸುವವರು ಒಂದು ಲೆಕ್ಕ ಮಾಡಿಕೊಳ್ಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ (ಭದ್ರತೆಯ ಅಪ್‌ಡೇಟ್‌ಗಳು) 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಡಿಡಿಆರ್3 ಕಾಲದ ಮೆಷಿನ್‌ಗಳು ವಿಂಡೋಸ್ 11ರ ಷರತ್ತಿಗೆ ಹೊಂದುವುದಿಲ್ಲ. ಬಿಲ್ ಬರೆಯಲು, ಟೈಪಿಂಗ್ ಕಲಿಸಲು ಆದರೆ ವಿಂಡೋಸ್ ಬದಲು ಲಿನಕ್ಸ್ ಹಾಕಿಸಿ ಇನ್ನಷ್ಟು ದಿನ ಓಡಿಸಬಹುದು. ಬ್ಯಾಂಕಿನ ವ್ಯವಹಾರ ಅದರಲ್ಲೇ ಮಾಡುವವರಾದರೆ, ಆ ಎಸ್‌ಎಸ್‌ಡಿಯ ದುಡ್ಡನ್ನು ಹೊಸ ಮೆಷಿನ್‌ಗೆ ಎತ್ತಿಡಿ ಅಂತಲೇ ನಾನು ಹೇಳುವುದು.